ದೀಪನೌಕೆಯ ಹೊಟ್ಟೆಯೊಳಗೆ

ಹದಿನೇಳನೆಯ ನಂಬರಿನ ಹಡಗನ್ನು ಎಲ್ಲ ಕಡೆಯಿಂದ ನೋಡಿ ಮುಗಿಸಿ ಇರ್ಮಿನಾ ಡ್ರೆವೆಕ್ ಟಾರ್ಚು ಆರಿಸಿದಳು. ಇದನ್ನು ಕಟ್ಟಿದವನು ತನ್ನ ಗಂಡ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿತು ಎಂದರೆ ಕಡಿಮೆಯಾಗುತ್ತದೆ, ಖಾತ್ರಿಯಾಯಿತು. ಗಂಡ ಗೆರಾರ್ಡ್ ಸತ್ತು ಎರಡು ಚಳಿಗಾಲ ಕಳೆದಿತ್ತು. ಸ್ಪರ್ಧೆಗೆ ಹೆಸರು ಕೊಡಲು ಹೆಣಗಳಿಗೆ ಅವಕಾಶವಿಲ್ಲ. ಅಂದಮೇಲೆ ಬೇರೆ ಯಾರೋ ಗೆರಾರ್ಡನ ಹಡಗನ್ನು ತಂದು ತನ್ನದೆಂದು ಇಟ್ಟಿದ್ದಾನೆ.

ಅದು ಬಂದರಿನ ಹಿಮ ಒಡೆಯುವ ಹಡಗು. ಇನ್ನೂರಕ್ಕೆ ಒಂದರ ಅಳತೆ, ಗೇಣಿಗಿಂತ ಸ್ವಲ್ಪ ಉದ್ದ, ಪೂರ್ತಿ ಕಾಗದದ್ದು. ಮಾಸಪತ್ರಿಕೆಯ ಹಾಳೆಗಳಲ್ಲಿ ಬಣ್ಣದಲ್ಲಿ ಅಚ್ಚಾಗಿ ಬರುವ ಚೂರುಗಳನ್ನು ಬ್ಲೇಡಿನಿಂದ ಕತ್ತರಿಸಿ, ಮಡಚಿ, ಅಂಟಿಸಿ ಕಟ್ಟುವಂಥದ್ದು. ಉಳಿದದ್ದೆಲ್ಲ ಮನೆಯಲ್ಲಿ ಸಿಗುವ ಸಾಮಾನು. ಹೆಣೆಯುವ ಕಡ್ಡಿಗೆ ಕಾಗದ ಸುತ್ತಿದರೆ ಕಂಬ, ಹೊಲಿಗೆ ದಾರಕ್ಕೆ ಅಂಟು ಸವರಿ ಬಿಗಿದರೆ ಕಟಕಟೆ, ಹಳೆ ಎಕ್ಸ್‌ರೇ ಫಿಲ್ಮನ್ನು ತೊಳೆದು ಚೂರು ಮಾಡಿದರೆ ಕಿಟಕಿಯ ಗಾಜು. ಬಂದರು ಊರಾದ ಗ್ದಿನಿಯಾದಲ್ಲಿ ಇಂಥ ಹಡಗು ಕಟ್ಟದ ಗಂಡಸಿನ ಮನೆ ಹುಡುಕುವುದು ಕಷ್ಟ. ಆದರೆ ಒಬ್ಬೊಬ್ಬನ ಕೈ ಒಂದೊಂದು ತರಹ. ಹದಿನೇಳರಲ್ಲಿ ಹಗ್ಗಗಳಿಗೆ ಚಹಾದಲ್ಲಿ ನೆನೆಸಿದ ಬಣ್ಣವಿತ್ತು. ಮೇಲಂತಸ್ತಿನ ಬಾಗಿಲುಗಳಲ್ಲಿ ಒಂದು ಮಾತ್ರ, ಯಾರೋ ಈಗಷ್ಟೇ ಒಳಗೆ ಹೋದಂತೆ, ಕೊಂಚ ತೆರೆದಿತ್ತು. ಇರ್ಮಿನಾಳ ಮನೆಯ ಗಾಜಿನ ಕಪಾಟಿನಲ್ಲಿ ಒಂಬತ್ತು ಹಡಗುಗಳಿದ್ದವು. ಒಂಬತ್ತರಲ್ಲೂ ಒಂದೊಂದು ಬಾಗಿಲು ಹೀಗೇ ತೆರೆದಿತ್ತು.

"ಏನು ಪಾನಿ ಇರ್ಮಿನಾ, ಹದಿನೇಳರ ಹತ್ರ ಬೇರು ಬಿಟ್ರಾ?" ಕಾಗದದ ಹಡಗು ಕಟ್ಟುವವರ ಸಂಘದ ಮುಖ್ಯ ತೀರ್ಪುಗಾರ ತೀತುಸ್ ಲೆಮಾಂಚಿಕ್ ಮೇಜಿನ ಆ ತುದಿಯಿಂದ ಕೂಗಿದ. ಅವನು ಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಎದುರಿಗಿರುವವರು ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆಂದೇ ಮಾತಾಡುವುದು, ಹೆಂಗಸರನ್ನು 'ಪಾನಿ', ಅಂದರೆ ಶ್ರೀಮತಿ, ಎಂದೇ ಕರೆಯುವುದು ಅಭ್ಯಾಸ.

"ಚೆನ್ನಾಗಿದೆ," ಎಂದಳು.

"ಚೆನ್ನಾಗಿದ್ಯಾ! ಅದರ ಮುಂದೆ ಬೇರೆಯವೆಲ್ಲ ಮೊಟ್ಟೆ ಡಬ್ಬ ಕಣ್ರೀ."

ಮೂರನೆಯ ತೀರ್ಪುಗಾರ ಅಲೋಯ್ಜಿ ಮಾತ್ರ ತಲೆಯೆತ್ತಲಿಲ್ಲ. ಹದಿನೇಳನ್ನು ಅವನು ಬೆಳಗ್ಗೆಯೇ ನೋಡಿ ಮುಗಿಸಿದ್ದ, ಬಹಳ ಬೇಗ ಮುಗಿಸಿದ್ದ. ಇದೂ ಇರ್ಮಿನಾಳ ಗಮನಕ್ಕೆ ಬಂತು. ಅವಳು ಅಂಕ ಬರೆಯದೆ ಹದಿನೆಂಟಕ್ಕೆ ಹೋದಳು.

ತೀರ್ಪಿನ ಹೊತ್ತಿನಲ್ಲಿ ನಂಬರು ಮಾತ್ರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಮಧ್ಯಾಹ್ನ ಮೂರಕ್ಕೆ ತೀತುಸ್ ಹೆಸರುಗಳನ್ನು ಓದಿದ. ಹದಿನೇಳು: ಬ್ರೂನೋನ್ ಫೊರ್ಮೆಲಾ.

ಇರ್ಮಿನಾಳಿಗೆ ಆಶ್ಚರ್ಯವಾಗಲಿಲ್ಲ. ಬ್ರೂನೋನ್ ಗೆರಾರ್ಡನ ಹಳೆಯ ಗೆಳೆಯ, ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಜೀವ ಸವೆಸಿದವನು. ಗೆರಾರ್ಡನ ಶವಸಂಸ್ಕಾರ ಮುಗಿದ ವಾರವೇ ಅವಳ ಮನೆಗೆ ಬಂದು, ನೆಲಮಾಳಿಗೆ ಖಾಲಿ ಮಾಡಿಕೊಡುತ್ತೇನೆ ಎಂದಿದ್ದ. ಅವಳು ಬೀಗದ ಕೈ ಕೊಟ್ಟಿದ್ದಳು. ಆಮೇಲೆ ಹೋಗಿ ನೋಡಿದರೆ ಬಾಟಲಿ, ತುಕ್ಕು ಹಿಡಿದ ಸೈಕಲ್ಲು, ಆಲೂಗಡ್ಡೆ ಪೆಟ್ಟಿಗೆ ಎಲ್ಲ ಇದ್ದಲ್ಲೇ ಇದ್ದವು. ಗೆರಾರ್ಡ್ ಅರ್ಧಕ್ಕೆ ಬಿಟ್ಟು ಹೋಗಿದ್ದ ಒಂದು ಹಡಗಿನ ಒಡಲು ಮಾತ್ರ ಇರಲಿಲ್ಲ. ಆಗ ಅವಳು ಸುಮ್ಮನಾಗಿದ್ದಳು. ಅಂತ್ಯಕ್ರಿಯೆಗೆ ಕೋಟು ಹಾಕಿಕೊಂಡು ಬಂದವನನ್ನು ಕಳ್ಳ ಎನ್ನಲು ನಾಲಿಗೆ ಬಂದಿರಲಿಲ್ಲ.

ಈಗ ಬಂತು. "ಹದಿನೇಳು ಫೊರ್ಮೆಲಾನ ಕೈಕೆಲಸ ಅಲ್ಲ. ನಾನು ದೂರು ಕೊಡ್ತೀನಿ," ಎಂದಳು.

ತೀತುಸ್ ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಮತ್ತೆ ಯಾರದು?"

"ನನ್ನ ಗಂಡಂದು."

ತೀತುಸ್ ಅಲೋಯ್ಜಿಯನ್ನು ನೋಡಿದ. ಅಲೋಯ್ಜಿ ಬೂಟು ನೋಡಿಕೊಂಡ.

"ಪಾನಿ ಇರ್ಮಿನಾ, ನಾಳೆ ಹನ್ನೆರಡಕ್ಕೆ ಬಹುಮಾನ. ದೂರು ಅಂದ್ರೆ ನಿಮಗೆ ಗೊತ್ತಲ್ಲ, ಹೊಟ್ಟೆ ತೆರೀಬೇಕಾಗುತ್ತೆ. ಅವನು ಒಪ್ಪದಿದ್ರೆ ಸಂಘದಿಂದ್ಲೇ ಹೊರಗೆ ಹಾಕ್ಬೇಕು. ಒಂದು ರಾತ್ರಿ ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಹೊಟ್ಟೆ ತೆರೆಯುವುದು ಎಂದರೆ ಹಡಗಿನ ತಳವನ್ನು ಬ್ಲೇಡಿನಿಂದ ಸೀಳಿ ಒಳಗಿನ ಪಕ್ಕೆಲುಬುಗಳನ್ನು ನೋಡುವುದು. ಹೊರಗಿನ ಕಾಗದ ಎಲ್ಲರದ್ದೂ ಒಂದೇ ಪತ್ರಿಕೆಯದು. ಒಳಗಿನ ಪಕ್ಕೆಲುಬು ಮಾತ್ರ ಅವರವರ ಮನೆಯ ರಟ್ಟು. ಅಂಗಡಿಯಲ್ಲಿ ಏನೂ ಸಿಗದ ಕಾಲದಲ್ಲಿ ಬೆಳೆದ ಪದ್ಧತಿ ಅದು. ಒಬ್ಬನದು ಬೂಟಿನ ಡಬ್ಬ, ಇನ್ನೊಬ್ಬನದು ಔಷಧಿಯ ಡಬ್ಬ. ಗೆರಾರ್ಡನ ಮನೆಯಲ್ಲಿ ಬಟ್ಟೆ ಒಗೆಯುವ ಪುಡಿಯ ನೀಲಿ ಡಬ್ಬ. ಮೂವತ್ತು ವರ್ಷ ಇರ್ಮಿನಾ ಒಂದು ಡಬ್ಬವನ್ನೂ ಹರಿಯದೆ, ಮಡಚಿ, ಕಪಾಟಿನ ಮೇಲೆ ಇಟ್ಟಿದ್ದಳು. ಹದಿನೇಳರ ಹೊಟ್ಟೆಯಲ್ಲಿ ಆ ಡಬ್ಬಗಳ ನೀಲಿ ಬಣ್ಣ ಕಂಡರೆ ಸಾಕು, ಬ್ರೂನೋನ್ ಕಳ್ಳ.

ನಿಮ್ಮ ಒಳ್ಳೇದಕ್ಕೆ ಎಂದನಲ್ಲ ತೀತುಸ್, ಅದು ಅವಳಿಗೆ ಸರಿಬರಲಿಲ್ಲ. ಅವಳ ಒಳ್ಳೇದು ಇದರಲ್ಲಿ ಎಲ್ಲಿ ಬಂತು?

ಗೆರಾರ್ಡ್ ಹಡಗುಕಟ್ಟೆಯಲ್ಲಿ ಗಾಳಿಯೊತ್ತಡದಿಂದ ಅದುರುವ ಸುತ್ತಿಗೆ ಹಿಡಿದು ಉಕ್ಕು ಬಡಿಯುತ್ತಿದ್ದವನು. ಬಡಿದು ಬಡಿದು ಅವನ ಬೆರಳುಗಳು ಸತ್ತಿದ್ದವು. ಚಳಿ ಶುರುವಾದರೆ ಮೇಣದಂತೆ ಬೆಳ್ಳಗಾಗುತ್ತಿದ್ದವು, ಚಮಚ ಜಾರುತ್ತಿತ್ತು. ಸತ್ತ ಬೆರಳುಗಳಿಂದ ಇಂಥ ಕೆಲಸ ಎಂದು ಪತ್ರಿಕೆಯವರು ಬರೆದಿದ್ದರು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವನ ಕೆಂಪು ದೀಪನೌಕೆಗೆ, ಅಂದರೆ ಕಡಲಲ್ಲೇ ನಿಂತು ದೀಪಸ್ತಂಭದಂತೆ ದಾರಿ ತೋರುವ ಹಡಗಿನ ಮಾದರಿಗೆ, ರಾಜಧಾನಿಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಬಂತು. ಸಂಘಕ್ಕೆ ಬಂದ ಒಂದೇ ಒಂದು ಚಿನ್ನ ಅದು. ಬರುವ ವಸಂತದಲ್ಲಿ ಸಮುದಾಯ ಭವನದ ಹಡಗು ಕಟ್ಟುವ ಕೋಣೆಗೆ ಅವನ ಹೆಸರಿಡುವವರಿದ್ದರು, ಕಪಾಟಿನ ಒಂಬತ್ತೂ ಅಲ್ಲಿಗೆ ಹೋಗುವವು.

ಉಳಿದಂತೆ ಅವನು ಒಳ್ಳೆಯ ಗಂಡನೇನಲ್ಲ. ಮನೆಯ ಒಂದೇ ದೊಡ್ಡ ಮೇಜು ಅವನದಾಗಿತ್ತು; ಇರ್ಮಿನಾ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದಳು. ಬಾಗಿಲು ಹಾಕಿಕೊಂಡು ಕೂತರೆ ಬೆಂಕಿ ಬಿದ್ದರೂ ಕರೆಯುವಂತಿಲ್ಲ. ಅವಳು ಹಡಗುಕಟ್ಟೆಯ ನಕ್ಷೆ ವಿಭಾಗದಲ್ಲಿ ಗೆರೆ ಎಳೆಯುವ ಕೆಲಸದಲ್ಲಿದ್ದವಳು, ಒಂದು ಚೂರನ್ನಾದರೂ ಕತ್ತರಿಸಿಕೊಡುತ್ತೇನೆ ಎಂದರೆ "ಮುಟ್ಟಬೇಡ" ಎನ್ನುತ್ತಿದ್ದ. ಭಾನುವಾರ ಅರೆಬರೆ ಹಡಗನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಟ್ರಾಲಿಬಸ್ಸು ಹತ್ತಿ ಬ್ರೂನೋನನಿಗೆ ತೋರಿಸಲು ಹೋಗುತ್ತಿದ್ದ, ಕುಡಿದು ಬರುತ್ತಿದ್ದ. ಇದೆಲ್ಲವನ್ನೂ ಅವಳು ಒಂದೇ ಕಾರಣಕ್ಕೆ ನುಂಗಿದ್ದಳು. ಅವನು ದೊಡ್ಡ ಕಸುಬುದಾರ. ದೊಡ್ಡ ಕಸುಬುದಾರರು ಹೀಗೇ ಇರುತ್ತಾರೆ. ಅದೊಂದು ಇಲ್ಲದಿದ್ದರೆ ಆ ಮೂವತ್ತು ವರ್ಷಕ್ಕೆ ಲೆಕ್ಕವೇ ಇರಲಿಲ್ಲ. ಈಗ ಅದನ್ನೂ ಒಬ್ಬ ಮೀನು ಡಬ್ಬಿಯವನು ಹೊತ್ತುಕೊಂಡು ಹೋಗುವುದಾದರೆ ಅವಳು ಸುಮ್ಮನಿರುವವಳಲ್ಲ.

ಸಭಾಂಗಣದಿಂದ ನೇರವಾಗಿ ಬ್ರೂನೋನನ ಮನೆಗೆ ಹೋದಳು. ನವೆಂಬರಿನ ನಾಲ್ಕು ಗಂಟೆ, ಆಗಲೇ ಬೀದಿದೀಪ ಹತ್ತಿದ್ದವು. ಬಾಗಿಲು ತೆರೆದವಳು ಬ್ರೂನೋನನ ಹೆಂಡತಿ ರೆಗಿನಾ. ಬಾಯಲ್ಲಿ ಗುಂಡುಪಿನ್ನು, ಕೊರಳಲ್ಲಿ ಅಳತೆಪಟ್ಟಿ. ಓಣಿಯ ಅರ್ಧ ಹೆಂಗಸರ ಬಟ್ಟೆ ಅವಳೇ ಹೊಲಿಯುವುದು.

"ಓಹೋ, ತೀರ್ಪುಗಾರ್ತಿ! ಬೂಟು ಬಿಚ್ಚು, ನೆಲ ಈಗಷ್ಟೇ ಒರೆಸಿದೀನಿ."

ಬ್ರೂನೋನ್ ಅಡುಗೆಮನೆಯಲ್ಲಿ ಉಪ್ಪುಮೀನಿಗೆ ಈರುಳ್ಳಿ ಹೆಚ್ಚುತ್ತಿದ್ದ. ಹೋಳುಗಳು ಹಾಳೆಯಷ್ಟು ತೆಳ್ಳಗೆ ಬೀಳುತ್ತಿದ್ದವು.

"ಚಹಾ ಕುಡೀತೀಯಾ?"

"ಚಹಾ ಕುಡಿಯೋಕೆ ಬಂದಿಲ್ಲ."

"ಹಂಗಾದ್ರೆ ಚಹಾ ಇಲ್ದೆ ಕೂತ್ಕೋ."

ಅವಳು ಕೂರಲಿಲ್ಲ. "ನಮ್ಮ ನೆಲಮಾಳಿಗೇಲಿ ಒಂದು ಹಡಗಿನ ಒಡಲಿತ್ತು. ಎಲ್ಲಿ ಅದು?"

"ನಾನು ತಂದೆ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ."

"ಅದೇನಾ ಹದಿನೇಳು?"

"ಅದೇ."

ಇಷ್ಟು ಸುಲಭವಾಗಿ ಒಪ್ಪಿದ್ದು ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಕಳ್ಳ ಒಪ್ಪುವುದಿಲ್ಲ, ಒಪ್ಪಿದರೆ ಅವನ ಹತ್ತಿರ ಬೇರೇನೋ ಇರಬೇಕು. "ಅಂದ್ರೆ ಕದ್ದೆ ಅಂತಾಯ್ತು," ಎಂದಳು.

"ಕದ್ದಿಲ್ಲ."

"ಸತ್ತವನ ಸಾಮಾನು ಹೇಳದೆ ಕೇಳದೆ ತಗೊಂಡು ಹೋಗೋದಕ್ಕೆ ನಿಮ್ಮ ಕಾರ್ಖಾನೇಲಿ ಏನಂತಿದ್ರು?"

ಬ್ರೂನೋನ್ ಈರುಳ್ಳಿಯನ್ನು ಬಟ್ಟಲಿಗೆ ತಳ್ಳಿದ. ಹೆಂಡತಿಯ ಕಡೆ ನೋಡಿದ.

"ಹೇಳ್ಬಿಡು ಅತ್ಲಾಗೆ," ಎಂದಳು ರೆಗಿನಾ, ಪಿನ್ನುಗಳ ನಡುವಿನಿಂದಲೇ.

"ನೀನು ಸುಮ್ನಿರು."

"ಏನು ಹೇಳೋದಿದೆ?" ಇರ್ಮಿನಾ ಇಬ್ಬರನ್ನೂ ನೋಡಿದಳು.

"ಏನೂ ಇಲ್ಲ. ನಾಳೆ ದೂರು ಕೊಡು. ಹೊಟ್ಟೆ ತೆರೆಯೋಕೆ ನಾನು ಬಿಡಲ್ಲ. ಸಂಘದಿಂದ ತೆಗೀತಾರಾ, ತೆಗೀಲಿ."

"ಹೆದರಿಕೆ."

"ಹೂಂ, ಹೆದರಿಕೇನೇ. ಎರಡು ವರ್ಷ ಕೂತಿದೀನಿ ಅದರ ಮುಂದೆ. ನನ್ನ ಕಣ್ಣು ಈಗ ಒಂದು ಸೂಜಿಗೆ ದಾರ ಹಾಕೋಕೂ ಆಗಲ್ಲ. ಇನ್ನೊಂದು ಕಟ್ಟೋ ಹಂಗಿಲ್ಲ ನಾನು."

"ಗಂಜಿ ಬೇಯಿಸಿದವನು ಒಬ್ಬ, ಉಪ್ಪು ಹಾಕ್ದೋನು ನೀನು, ಮಡಕೆ ಪೂರ್ತಿ ನಿಂದಾ?"

ರೆಗಿನಾ ಪಿನ್ನುಗಳನ್ನು ಅಂಗೈಗೆ ಉಗುಳಿದಳು. "ನೋಡು ಇರ್ಮಿನಾ, ಹೊಟ್ಟೆ ನೋಡಲೇಬೇಕು ಅಂತ ಅಷ್ಟು ತವಕ ಇದ್ರೆ ನಿನ್ನ ಮನೇಲೇ ಒಂಬತ್ತಿವೆ. ಯಾವುದಾದ್ರೂ ಒಂದು ತೆರೆದು ನೋಡ್ಕೋ ಹೋಗು."

"ರೆಗಿನಾ!" ಬ್ರೂನೋನ್ ಕೂಗಿದ.

ಅವನು ದನಿ ಏರಿಸಿದ್ದನ್ನು ಇರ್ಮಿನಾ ಈ ತನಕ ಕೇಳಿರಲಿಲ್ಲ. ಅವಳು ಬೂಟು ಹಾಕಿಕೊಂಡು ಹೊರಗೆ ಬಂದಳು.

ಟ್ರಾಲಿಬಸ್ಸಿನಲ್ಲಿ ಕೂತು ಮೊದಲು ಯೋಚಿಸಿದ್ದು, ಈ ಹೆಂಗಸು ಎಷ್ಟು ಕೆಟ್ಟವಳು ಎಂದು. ತನ್ನ ಗಂಡನದನ್ನು ಉಳಿಸಿಕೊಳ್ಳಲು ನನ್ನ ಗಂಡನದನ್ನು ನನ್ನ ಕೈಯಲ್ಲೇ ಹಾಳು ಮಾಡಿಸುವ ಉಪಾಯ. ಎರಡು ನಿಲ್ದಾಣ ದಾಟಿದ ಮೇಲೆ ಬೇರೆ ಯೋಚನೆ ಬಂತು. ಉಪಾಯವಾಗಿದ್ದರೆ ಬ್ರೂನೋನ್ ಯಾಕೆ ಕೂಗಿದ? ಕೂಗಿದ್ದೂ ನಾಟಕದ ಭಾಗವೇ? ಅವನು ನಾಟಕ ಆಡುವ ಪೈಕಿಯಲ್ಲ. ಅಥವಾ ಮೂವತ್ತು ವರ್ಷದಿಂದ ಆಡುತ್ತಲೇ ಇದ್ದಾನೋ?

ಭಾನುವಾರ ಬೆಳಗ್ಗೆ ಅವಳು ಪೂಜೆಗೆ ಇಗರ್ಜಿಗೆ ಹೋಗಲಿಲ್ಲ. ಕಪಾಟಿನ ಗಾಜು ಸರಿಸಿ ಕೆಂಪು ದೀಪನೌಕೆಯನ್ನು ತೆಗೆದು ದೊಡ್ಡ ಮೇಜಿನ ಮೇಲೆ ಟವೆಲು ಹಾಸಿ ಮಗ್ಗುಲಾಗಿ ಮಲಗಿಸಿದಳು. ನೂರಕ್ಕೆ ಒಂದರ ಅಳತೆ, ಕಡುಕೆಂಪು ಒಡಲು, ನಡುವೆ ದೀಪದ ಗೋಪುರ. ಬೇರೆ ಯಾವುದನ್ನು ತೆರೆದರೂ ಸಾಲದು. ಚಿನ್ನ ತಂದದ್ದು ಇದೇ. ಇದರ ಹೊಟ್ಟೆಯಲ್ಲಿ ನೀಲಿ ಡಬ್ಬ ಇದ್ದುಬಿಟ್ಟರೆ ಅವಳು ಇದನ್ನೇ ಹೊತ್ತುಕೊಂಡು ಹೋಗಿ ಎಲ್ಲರ ಮುಂದೆ ಇಡುತ್ತಾಳೆ, ಆಮೇಲೆ ಹದಿನೇಳರ ಹೊಟ್ಟೆ ತೆರೆಯದೆ ಬ್ರೂನೋನನಿಗೆ ಗತಿಯಿಲ್ಲ.

ಬ್ಲೇಡನ್ನು ತಳದ ಅಂಚಿನ ಗೆರೆಯ ಮೇಲೆ ಇಟ್ಟಳು. ಗೆರೆ ಎಳೆದು ಬದುಕಿದ ಕೈ ಅದು, ನೇರವಾಗಿ ಸಾಗಿತು. ಹದಿನೇಳು ವರ್ಷದ ಅಂಟು ಒಣಗಿ ಗಾಜಿನಂತಾಗಿತ್ತು, ಚಟಚಟ ಎಂದು ಬಿಟ್ಟಿತು. ತಳದ ಕಾಗದವನ್ನು ಮೇಲಕ್ಕೆ ಮಡಚಿದಳು.

ಒಳಗೆ ಮೀನಿನ ತಲೆಗಳಿದ್ದವು.

ಸಾಲಾಗಿ ನಿಂತ ಪಕ್ಕೆಲುಬುಗಳ ಮೇಲೆಲ್ಲ ಹೆರಿಂಗ್ ಮೀನಿನ ಚಿತ್ರ. ಒಂದರಲ್ಲಿ ತಲೆ, ಒಂದರಲ್ಲಿ ಬಾಲ, ಮತ್ತೊಂದರಲ್ಲಿ ಬಣ್ಣ ಜರುಗಿ ಎರಡು ಕಣ್ಣು ಅಕ್ಕಪಕ್ಕ. ಡಬ್ಬಿ ಕಾರ್ಖಾನೆಯಲ್ಲಿ ಅಚ್ಚು ಕೆಟ್ಟು ಹೊರಗೆ ಬಿಸಾಡುವ ರಟ್ಟು. ನೀಲಿ ಡಬ್ಬದ ಒಂದು ಚೂರೂ ಇಲ್ಲ.

ಇರಲಿ, ಎಂದುಕೊಂಡಳು ಇರ್ಮಿನಾ. ಗೆಳೆಯ ರಟ್ಟು ಕೊಟ್ಟಿರುತ್ತಾನೆ, ಗೆರಾರ್ಡ್ ಮನೆಗೆ ತಂದು ಕತ್ತರಿಸಿರುತ್ತಾನೆ. ಅದರಲ್ಲೇನು ತಪ್ಪು? ರಟ್ಟು ಯಾರದ್ದಾದರೇನು, ಕೈ ಯಾರದ್ದು ಎನ್ನುವುದು ಮುಖ್ಯ.

ಪಕ್ಕೆಲುಬುಗಳ ನಡುವೆ ತುಂಬಿದ್ದನ್ನು ಚಿಮಟದಿಂದ ಎಳೆದಳು. ಹೊರಗಿನ ಕಾಗದ ಒಳಕ್ಕೆ ಕುಸಿಯಬಾರದೆಂದು ಸಂದುಗಳಿಗೆ ಹರಕು ಕಾಗದ ತುರುಕುತ್ತಾರೆ. ತುರುಕಿದ ಕೈಯಲ್ಲೇ, ಗಾಳಿಯ ತೇವ ಕುಡಿಯುವ ಮೊದಲೇ, ಹೊರಮೈ ಅಂಟಿಸಿ ಮುಚ್ಚಬೇಕು. ಇಲ್ಲದಿದ್ದರೆ ಒಡಲು ಉಬ್ಬುತ್ತದೆ. ಹೊರಗೆ ಬಂದದ್ದು ಪತ್ರಿಕೆಯ ಕಾಗದವಲ್ಲ. ತೆಳುವಾದ ಕಂದು ಕಾಗದ, ಬಟ್ಟೆ ಕತ್ತರಿಸುವ ಮಾದರಿಗೆ ದರ್ಜಿಗಳು ಬಳಸುವಂಥದ್ದು. ಒಂದು ಉಂಡೆಯನ್ನು ಬಿಡಿಸಿ ಅಂಗೈಯಲ್ಲಿ ಸವರಿದಳು. ಅಲೆಅಲೆಯ ಅಂಚಿನ ಕಾಲರಿನ ಆಕಾರ.

ಆ ಕಾಲರನ್ನು ಅವಳೇ ಕೇಳಿ ಮಾಡಿಸಿಕೊಂಡಿದ್ದಳು. ಅವಳ ನಾಮದಿನಕ್ಕೆ, ಅಂದರೆ ಅವಳ ಹೆಸರಿನ ಸಂತಳ ಹಬ್ಬಕ್ಕೆ, ರೆಗಿನಾ ಹೊಲಿದುಕೊಟ್ಟ ಬಿಳಿ ರವಿಕೆಯದು. ಇಂಥ ಕಾಲರು ಯಾರಾದರೂ ಹಾಕುತ್ತಾರೇನೇ ಎಂದು ರೆಗಿನಾ ನಕ್ಕಿದ್ದಳು. ಮಾದರಿ ರೆಗಿನಾಳ ಮನೆಯಿಂದ ಹೊರಗೆ ಬಂದೇ ಇಲ್ಲ. ಇರ್ಮಿನಾಳ ಮನೆಗೆ ಬಂದದ್ದು ರವಿಕೆ ಮಾತ್ರ.

ಅಂದಮೇಲೆ ಈ ಹೊಟ್ಟೆ ತುಂಬಿದ್ದು ಆ ಮನೆಯಲ್ಲಿ. ಹೊರಮೈ ಮುಚ್ಚಿದ್ದೂ ಆ ಮನೆಯಲ್ಲಿ. ಗೆರಾರ್ಡ್ ಭಾನುವಾರ ಅಲ್ಲಿಗೆ ಹೋಗಿ ಕೂತು ಕಟ್ಟಿರಬಹುದಲ್ಲ? ಕುಡಿದು ಬರುತ್ತಿದ್ದವನು, ಸೀದಾ ನಡೆಯಲಾಗದೆ ಬರುತ್ತಿದ್ದವನು, ಕೂದಲೆಳೆಯಷ್ಟೂ ಸರಿಯದ ಈ ಕೀಲುಗಳನ್ನು? ಆ ಬೆರಳುಗಳಲ್ಲಿ?

ಬೆರಳುಗಳ ನೆನಪು ಬಂದದ್ದೇ ಅವಳು ಚಿಮಟ ಕೆಳಗಿಟ್ಟಳು. ಇಡೀ ಊರು ಆ ಬೆರಳುಗಳನ್ನು ನೋಡಿ ಬೆರಗಾಗಿತ್ತು. ಒಬ್ಬರಾದರೂ ಅನುಮಾನ ಪಡಬೇಕಿತ್ತು. ಎಲ್ಲರಿಗಿಂತ ಹತ್ತಿರ ಇದ್ದವಳು, ಜಾರಿದ ಚಮಚ ಎತ್ತಿಕೊಡುತ್ತಿದ್ದವಳು ಅವಳೇ.

ದೀಪನೌಕೆಯನ್ನು ಟವೆಲು ಸಮೇತ ಪೆಟ್ಟಿಗೆಯಲ್ಲಿಟ್ಟುಕೊಂಡು ಅವಳು ಸಭಾಂಗಣಕ್ಕೆ ಹೋದಾಗ ಇನ್ನೂ ಜನರನ್ನು ಬಿಟ್ಟಿರಲಿಲ್ಲ. ತೀತುಸ್, ಅಲೋಯ್ಜಿ ಇದ್ದರು. ಕಿಟಕಿಯ ಹತ್ತಿರ ಬ್ರೂನೋನ್ ಹಳೆಯ ಕೋಟಿನಲ್ಲಿ ನಿಂತಿದ್ದ, ಪಕ್ಕದಲ್ಲಿ ರೆಗಿನಾ ಗಸಗಸೆ ಕೇಕಿನ ತಟ್ಟೆ ಹಿಡಿದಿದ್ದಳು. ಗೆದ್ದರೂ ಸೋತರೂ ಕೇಕು ಹಂಚುವುದು ಸಂಘದ ರೂಢಿ.

ಇರ್ಮಿನಾ ತೀರ್ಪುಗಾರರ ಮೇಜಿನ ಮೇಲೆ ದೀಪನೌಕೆಯನ್ನು ಹೊಟ್ಟೆ ಮೇಲಾಗಿ ಇಟ್ಟಳು. "ನೋಡಿ," ಎಂದಳು.

ಯಾರೂ ಬಗ್ಗಿ ನೋಡಲಿಲ್ಲ.

ಅಲೋಯ್ಜಿ ಮತ್ತೆ ಬೂಟು ನೋಡಿಕೊಂಡ. ತೀತುಸ್ ಮೊದಲು ಮಾಡಿದ ಕೆಲಸ, ಹೋಗಿ ಬಾಗಿಲ ಚಿಲಕ ಹಾಕಿದ್ದು. ಸಂಘದ ಒಂದೇ ಚಿನ್ನ ಹೊಟ್ಟೆ ಸೀಳಿಕೊಂಡು ಬಿದ್ದಿದೆ, ಅಯ್ಯೋ ಏನು ಮಾಡಿದಿರಿ ಎಂದು ಕೇಳುವವರಿಲ್ಲ. ಒಳಗೆ ಏನಿದೆ ಎಂದು ಕುತೂಹಲವೂ ಇಲ್ಲ. ಆಗ ಇರ್ಮಿನಾಳಿಗೆ ಮಿಕ್ಕಿದ್ದೂ ತಿಳಿಯಿತು.

"ನಿಮಗೆಲ್ಲ ಗೊತ್ತಿತ್ತು."

"ಎಲ್ಲ ಅಂದ್ರೆ ಎಲ್ಲಾ ಏನಲ್ಲ," ಎಂದ ತೀತುಸ್. "ಹಳಬರು ನಾಲ್ಕು ಜನಕ್ಕೆ."

"ಯಾವಾಗಿಂದ?"

"ಪಾನಿ ಇರ್ಮಿನಾ, ಆಗ ಸಂಘ ಹಡಗುಕಟ್ಟೆಯವರದ್ದು. ಕಟ್ಟೆ ನೌಕರ ಅಲ್ಲದವನು ಸ್ಪರ್ಧೆಗೆ ಬರೋ ಹಂಗಿಲ್ಲ. ಬ್ರೂನೋನ್ ಮೀನು ಕಾರ್ಖಾನೆಯವನು. ಅವನಿಗೆ ಕೈ ಇತ್ತು, ಗೆರಾರ್ಡ್‌ಗೆ ಸದಸ್ಯತ್ವ ಇತ್ತು. ಒಂದ್ಸಲ ಅಂತ ಶುರುವಾಯ್ತು. ಆಮೇಲೆ ಚಿನ್ನ ಬಂದ್ಬಿಡ್ತು. ಬಂದ್ಮೇಲೆ ಯಾರು ಬಾಯಿ ಬಿಡ್ತಾರೆ? ಬಿಟ್ರೆ ಚಿನ್ನ ವಾಪಸ್ಸು."

"ಕಾಲ ಬದಲಾಯ್ತಲ್ಲ. ಎಂಟೊಂಬತ್ತು ವರ್ಷದಿಂದ ಯಾರು ಬೇಕಾದ್ರೂ ಸೇರಬಹುದು."

ಇದಕ್ಕೆ ಬ್ರೂನೋನ್ ಉತ್ತರ ಕೊಟ್ಟ. "ಅಷ್ಟೊತ್ತಿಗೆ ಅವನು ಗುರು ಆಗಿದ್ದ. ಪತ್ರಿಕೇಲಿ ಫೋಟೋ ಬಂದಿತ್ತು. ನಾನು ಹೋಗಿ ಆ ಕೈ ನಂದು ಅಂದ್ರೆ ನೀನೇ ಮೊದಲು ಪೊರಕೆ ತಗೋತಿದ್ದೆ."

ಅದು ನಿಜ. ನಿಜವಾದ್ದರಿಂದಲೇ ಅವಳಿಗೆ ಸಿಟ್ಟು ಬಂತು. "ನಿಮ್ಮ ಮನೇಲಿ ನೀನು ಕಟ್ಟಿದ್ದಿ. ಮತ್ತೆ ನಮ್ಮ ಮನೇಲಿ ಬಾಗಿಲು ಹಾಕ್ಕೊಂಡು ಅವನು ಏನು ಮಾಡ್ತಿದ್ದ? ಅಷ್ಟು ವರ್ಷ?"

ಬ್ರೂನೋನ್ ಕೋಟಿನ ಗುಂಡಿ ತಿರುವಿದ. "ಪೇಪರ್ ಹಾಳು ಮಾಡ್ತಿದ್ದ. ಪತ್ರಿಕೆ ಎರಡೆರಡು ತರಿಸ್ತಿದ್ವಿ. ಒಂದು ನನಗೆ, ಒಂದು ಅವನಿಗೆ. ಅವನದು ಯಾವತ್ತೂ ಮುಗೀಲಿಲ್ಲ, ಒಲೆಗೆ ಹಾಕ್ತಿದ್ದ."

"ನನ್ನ ಡಬ್ಬಗಳೂ?"

"ಅವೂ."

ರೆಗಿನಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ನಾನು ಎಷ್ಟು ಸಲ ಹೇಳಿದೀನಿ ಇವನಿಗೆ, ಆ ಹೆಂಗಸಿಗಾದ್ರೂ ಹೇಳು ಅಂತ."

"ನೀನೇ ಹೇಳಬಹುದಿತ್ತು," ಎಂದಳು ಇರ್ಮಿನಾ. "ರವಿಕೆ ಅಳತೆ ತಗೊಳ್ಳೋವಾಗ ಬಾಯಲ್ಲಿ ಪಿನ್ನಿತ್ತಾ?"

ರೆಗಿನಾ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು.

ತೀತುಸ್ ಹತ್ತಿರ ಬಂದು ದನಿ ತಗ್ಗಿಸಿದ. "ಕೇಳಿ, ಆಗಿದ್ದು ಆಯ್ತು. ನೀವು ದೂರು ಕೊಡೋದು ಬೇಡ. ಇದರ ತಳ ಬ್ರೂನೋನ್ ಅಂಟಿಸಿಕೊಡ್ತಾನೆ, ಗುರುತೇ ಸಿಗಲ್ಲ. ವಸಂತದಲ್ಲಿ ಕೋಣೆಗೆ ಗೆರಾರ್ಡ್ ಹೆಸರು ಹಾಕೋಣ. ಫಲಕ ಆಗ್ಲೇ ಮಾಡೋಕೆ ಕೊಟ್ಟಾಗಿದೆ. ಯಾರಿಗೂ ನಷ್ಟ ಇಲ್ಲ."

ಬ್ರೂನೋನ್ ತಲೆಯಾಡಿಸಿದ. "ನಂಗೆ ಹಳೇವು ಬೇಡ. ಅವು ಅವನವೇ ಅಂತ ಇರ್ಲಿ. ಹದಿನೇಳರ ಒಡಲೂ ನಾನೇ ಕಟ್ಟಿದ್ದು, ಅವನು ಒಯ್ದು ನಿಮ್ಮ ನೆಲಮಾಳಿಗೇಲಿ ಇಟ್ಟಿದ್ದ. ಅದೊಂದು ನನ್ನ ಹೆಸರಲ್ಲಿ ಇದ್ರೆ ಸಾಕು."

ಇರ್ಮಿನಾ ಅವರಿಬ್ಬರನ್ನೂ ನೋಡಿದಳು. ಗೆರಾರ್ಡ್ ಸತ್ತ ಮೂರು ತಿಂಗಳಿಗೆ ತನ್ನನ್ನು ತೀರ್ಪುಗಾರ್ತಿಯಾಗಿ ಕರೆದದ್ದು ಯಾಕೆ ಎಂದು ಈಗ ಯೋಚಿಸಿದಳು. ನಿಮ್ಮಂಥ ಕಣ್ಣು ಇನ್ನೊಬ್ಬರಿಗಿಲ್ಲ ಎಂದಿದ್ದ ತೀತುಸ್. ಕಣ್ಣನ್ನು ಹತ್ತಿರ ಇಟ್ಟುಕೊಂಡರೆ ಅದು ಬೇರೆಲ್ಲೂ ನೋಡುವುದಿಲ್ಲ ಎಂದೇ ಕರೆದಿರಬಹುದು. ಇರಲಿಕ್ಕಿಲ್ಲವೋ ಏನೋ. ಇನ್ನು ಮೇಲೆ ಇವರು ಆಡಿದ ಯಾವ ಮಾತನ್ನೂ ಅವಳು ಒಂದು ಸಲ ತಿರುಗಿಸಿ ನೋಡದೆ ಇರಲಾರಳು. ಗೆರಾರ್ಡನ ಹೆಸರು ಗೋಡೆಯ ಮೇಲೆ ಹೋದರೆ ಅವಳೂ ಇವರಲ್ಲಿ ಒಬ್ಬಳು.

"ದೂರು ಇಲ್ಲ," ಎಂದಳು. "ಫಲಕವೂ ಬೇಡ."

"ಪಾನಿ ಇರ್ಮಿನಾ, ಜನ ಕೇಳ್ತಾರೆ, ಯಾಕೆ ಅಂತ."

"ಕೇಳ್ಲಿ. ಹೇಳೋಕೆ ನೀವಿದೀರಲ್ಲ, ಮೇಷ್ಟ್ರು."

"ಚಿನ್ನ ಹೋಗುತ್ತೆ!"

"ಹೋಗ್ಲಿ. ನಮ್ಮ ಮನೇದಲ್ಲ ಅದು."

ಹೊರಗೆ ಯಾರೋ ಬಾಗಿಲು ತಟ್ಟಿದರು; ಜನ ಬಂದು ನಿಂತಿದ್ದರು. ಅಲೋಯ್ಜಿ ದೀಪನೌಕೆಯ ಮೇಲೆ ಟವೆಲು ಎಳೆದು ಮುಚ್ಚಿದ. ಆ ಎರಡು ದಿನದಲ್ಲಿ ಅವನು ಸ್ವಂತ ಬುದ್ಧಿಯಿಂದ ಮಾಡಿದ ಒಂದೇ ಕೆಲಸ ಅದು.

"ತೆರೀಬೇಡಿ ಇನ್ನೂ," ಎಂದಳು ಇರ್ಮಿನಾ. "ಹದಿನೇಳಕ್ಕೆ ನಾನು ಅಂಕ ಹಾಕಿಲ್ಲ."

ಟಾರ್ಚು ಹತ್ತಿಸಿ ಹಿಮ ಒಡೆಯುವ ಹಡಗಿನ ಹತ್ತಿರ ಹೋದಳು. ನಿನ್ನೆ ಗಂಡನ ಕೈ ಹುಡುಕಿಕೊಂಡು ನೋಡಿದ್ದಳು, ಈಗ ಹಡಗನ್ನು ನೋಡಿದಳು. ಕಟಕಟೆಗಳು ನೆಟ್ಟಗಿದ್ದವು. ಲಂಗರಿನ ಸರಪಳಿ ಕೂದಲಿನಂಥ ತಾಮ್ರದ ತಂತಿ ತಿರುಚಿದ್ದು, ಒಂದು ಕೊಂಡಿಯೂ ಹೆಚ್ಚುಕಡಿಮೆಯಿಲ್ಲ. ಮೂತಿಯ ಬಾಗು ಎಲ್ಲರೂ ಸೋಲುವ ಜಾಗ. ಅಲ್ಲಿ ಕಾಗದ ಉಕ್ಕಿನಂತೆ ತಿರುಗಿತ್ತು. ಇಂಥದ್ದನ್ನು ಅವಳು ನೋಡಿರಲಿಲ್ಲ. ಒಂಬತ್ತರಲ್ಲಿ ಒಂದೂ ಇಷ್ಟು ಚೆನ್ನಾಗಿರಲಿಲ್ಲ. ಹಿಂಭಾಗಕ್ಕೆ ಬಂದು ಕೆಳಗಿನಿಂದ ಬೆಳಕು ಬಿಟ್ಟಳು. ಚುಕ್ಕಾಣಿಯ ಮೇಲೆ ಎರಡು ಹಾಳೆ ಸೇರುವಲ್ಲಿ ಬೆಳ್ಳಗೆ ಒಂದು ಗೆರೆ.

"ಇಲ್ಲಿ ಸೀಳು ಬಿಟ್ಟಿದೆ. ಒಂದು ಅಂಕ ಕಳೀತೀನಿ."

"ಸೀಳಾ?" ಬ್ರೂನೋನ್ ಕಿಟಕಿಯಿಂದ ಓಡಿಬಂದ. ಬೇರೆ ಯಾವ ಮಾತಿಗೂ ಅವನು ಹಾಗೆ ಓಡಿ ಬಂದಿರಲಿಲ್ಲ. "ಎಲ್ಲಿ? ತೋರಿಸು."

ತೋರಿಸಿದಳು. ಅವನು ಕನ್ನಡಕವನ್ನು ಹಣೆಗೇರಿಸಿ ಮೂಗು ತಾಗುವಷ್ಟು ಬಗ್ಗಿದ. ಬಹಳ ಹೊತ್ತು ನೋಡಿದ.

"ಕೂದಲೆಳೆ."

"ಕೂದಲೆಳೇನೂ ಸೀಳೇ."

"ಇದು ಮೊನ್ನೆ ತಂದಿಟ್ಟಾಗ ಇರ್ಲಿಲ್ಲ," ಎಂದ ಬ್ರೂನೋನ್. ನಿಧಾನವಾಗಿ ನೆಟ್ಟಗಾದ. ಸಭಾಂಗಣದ ಮೂಲೆಯಲ್ಲಿ ಬಿಸಿನೀರಿನ ಕೊಳವೆಗಳು ರಾತ್ರಿಯೆಲ್ಲ ಉರಿದಿದ್ದವು. ಕಾಗದ ಒಣಗಿ ಎಳೆದುಕೊಂಡಿರಬಹುದು. ಅವನು ಅತ್ತ ನೋಡಲಿಲ್ಲ. ಅವಳ ಕೈ ನೋಡಿದ, ಕೈಯ ಉಗುರು ನೋಡಿದ. "ನಿನ್ನೆ ಇದರ ಹತ್ರ ಬಹಳ ಹೊತ್ತು ನಿಂತಿದ್ದೆಯಂತೆ."

"ನಾನು ಮುಟ್ಟಿಲ್ಲ."

"ಹೂಂ," ಎಂದ ಅವನು.

ನಂಬಿದಂತೆ ಕಾಣಲಿಲ್ಲ. ನಂಬಿಸುವ ಪ್ರಯತ್ನವನ್ನೂ ಅವಳು ಮಾಡಲಿಲ್ಲ. ಅಂಕ ಬರೆದು, ಹಾಳೆಯನ್ನು ತೀತುಸನ ಕೈಗೆ ಕೊಟ್ಟು, ಹೋಗಿ ಬಾಗಿಲ ಚಿಲಕ ತೆಗೆದಳು.